ಕಮಲಾಪುರದ ಗೊರಕೆ

ಓಡುತ್ತಿರುವ ಬಸ್ಸನ್ನು ಕೈ ಅಡ್ಡ ಹಿಡಿದು ನಿಲ್ಲಿಸುವವರನ್ನು ನೀವು ನೋಡಿರುತ್ತೀರಿ. ರಸ್ತೆಗೆ ಕಲ್ಲು ಅಡ್ಡ ಇಟ್ಟು ನಿಲ್ಲಿಸುವವರನ್ನೂ ನೋಡಿರಬಹುದು. ಬರೀ ನಿದ್ದೆ ಮಾಡಿ ಬಸ್ಸು ನಿಲ್ಲಿಸಿದವರನ್ನು ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡಿದ್ದೇನು ಬಂತು, ಅವಳ ಪಕ್ಕದಲ್ಲೇ ಕುಳಿತಿದ್ದೆ. ಅವಳು ನನ್ನ ಸೋದರತ್ತೆ, ನಮ್ಮ ಅಪ್ಪನ ಅಕ್ಕ. ಬೇರೆಯವರಾದರೆ ಇಂಥ ನೆಂಟಸ್ತಿಕೆಯನ್ನು ಮುಚ್ಚಿಡುತ್ತಿದ್ದರು. ನಾನು ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ.

ಆವತ್ತು ಕಮಲಾಪುರದಿಂದ ಕಲಬುರಗಿಗೆ ಬರುತ್ತಿದ್ದೆವು. ಅತ್ತೆ ಕಿಟಕಿಯ ಕಡೆ, ನಾನು ನಡುವೆ, ಈ ತುದಿಗೆ ಅತ್ತೆಯ ಗಂಡ, ಅಂದರೆ ನಮ್ಮ ಮಾವ. ಮಾವನ ತೊಡೆಯ ಮೇಲೆ ಬಾಳೆಹಣ್ಣಿನ ಚೀಲ. ಬಸ್ಸು ಊರು ದಾಟುವ ಮೊದಲೇ ಅತ್ತೆಯ ತಲೆ ಕಿಟಕಿಗೆ ಒರಗಿತು. ಮೊದಲು ಸಣ್ಣಗೆ ಗರಗರ. ಆಮೇಲೆ ಕಲ್ಲುಹಾಸಿನ ಮೇಲೆ ಯಾರೋ ಕಬ್ಬಿಣದ ಟ್ರಂಕು ಎಳೆದ ಹಾಗೆ ಒಂದು ಉದ್ದನೆಯ ಸದ್ದು. ಡ್ರೈವರ್ ಗೇರ್ ಬದಲಿಸಿ ನೋಡಿದ. ವೇಗ ಇಳಿಸಿ ನೋಡಿದ. ಕೊನೆಗೆ ಏನೋ ದೊಡ್ಡದೇ ಮುರಿದಿದೆ ಎಂದು ಬಸ್ಸನ್ನು ರಸ್ತೆಯ ಬದಿಗೆ ತಂದು ಇಂಜಿನ್ ಬಂದ್ ಮಾಡಿದ. ಇಂಜಿನ್ ನಿಂತಿತು. ಸದ್ದು ನಿಲ್ಲಲಿಲ್ಲ.

ಕಂಡಕ್ಟರ್ ಒಂದೊಂದೇ ಸೀಟಿಗೆ ಕಿವಿಗೊಡುತ್ತ ಬಂದು ನಮ್ಮ ಮುಂದೆ ನಿಂತ.

"ಅಮ್ಮಾರ, ಏ ಅಮ್ಮಾರ."

ಅತ್ತೆ ಕಣ್ಣು ತೆರೆದಳು. "ಯಾಕ ನಿಂತದ ಬಸ್ಸು? ಕೆಟ್ಟದೇನು?"

"ಬಸ್ಸು ಛಲೋ ಅದರಿ. ನೀವೇ ಜರಾ ಎಚ್ಚರ ಇರ್ರಿ. ಡ್ರೈವರಗ ತನ್ನ ಗಾಡಿ ಸಪ್ಪಳ ತನಗೇ ಕೇಳಸವಲ್ದು."

ಬಸ್ಸಿಗೆ ಬಸ್ಸೇ ನಕ್ಕಿತು. ನಾನು ಚೀಲದೊಳಗಿನ ಬಾಳೆಹಣ್ಣುಗಳನ್ನು ಬಹಳ ಶ್ರದ್ಧೆಯಿಂದ ನೋಡತೊಡಗಿದೆ. ಅತ್ತೆ ಮಾತ್ರ ಸನ್ಮಾನದ ಶಾಲು ಹೊದಿಸಿಕೊಂಡವಳ ಹಾಗೆ ಸೆರಗು ಸರಿಮಾಡಿಕೊಂಡು ಸುತ್ತ ನೋಡಿದಳು.

"ನಾವು ಕಮಲಾಪುರದ ಮಂದಿ," ಎಂದಳು. "ನಮ್ಮದೆಲ್ಲಾ ಜರಾ ಜಾಸ್ತೀನೇ ಇರ್ತದ."

ಕಮಲಾಪುರದ ಕೆಂಪು ಬಾಳೆಹಣ್ಣನ್ನು ತಿಂದವರಿಗೆ ಈ ಅಭಿಮಾನದ ಮೂಲ ಗೊತ್ತಾಗುತ್ತದೆ. ಅತ್ತೆ ಮಾವನಿಗೆ ಆ ಬಾಳೆಯ ತೋಟವಿದೆ. ಹಳದಿ ಬಾಳೆಹಣ್ಣು ಕಂಡರೆ ಅತ್ತೆ "ಪಾಪ, ಇದಕ ಕಾಮಣಿ ಆಗ್ಯದ" ಎಂದು ಕಾಮಾಲೆ ಹಿಡಿದವರನ್ನು ಕಂಡಂತೆ ಮರುಗುತ್ತಾಳೆ. ಕಲಬುರಗಿಯ ಖೂಬಾ ಪ್ಲಾಟಿನ ನಮ್ಮ ಮನೆಗೆ ಬಂದಾಗ ಹಣ್ಣಿನ ಬುಟ್ಟಿಯಲ್ಲಿ ಹಳದಿ ಹಣ್ಣು ಕಂಡರೆ ಅದನ್ನು ಎತ್ತಿ ಬೇರೆ ಇಟ್ಟು, ರೋಗ ಅಂಟಬಾರದೆಂಬಂತೆ ತನ್ನ ಕೆಂಪು ಹಣ್ಣುಗಳನ್ನು ಜೋಡಿಸುತ್ತಾಳೆ. ತೋಟದ ಬಾವಿಯ ನೀರು, ಮನೆಯ ಎಮ್ಮೆಯ ಹಾಲು, ತನ್ನ ಕೈಯ ಜೋಳದ ರೊಟ್ಟಿ, ಎಲ್ಲದರ ಬಗ್ಗೆಯೂ ಅವಳಿಗೆ ಇದೇ ಧೋರಣೆ. ಆ ಸಾಲಿನಲ್ಲೇ ಗೊರಕೆಯೂ ಸೇರಿತ್ತು, ಅಷ್ಟೆ.

ನನ್ನ ತಮ್ಮನ ಮದುವೆಯಲ್ಲಿ ಈ ಅಭಿಮಾನಕ್ಕೆ ಪರೀಕ್ಷೆ ಬಂತು. ಕೋಟೆಯ ಕಡೆ ಒಂದು ಫಂಕ್ಷನ್ ಹಾಲು. ಊಟವಾದ ಮೇಲೆ ಹೆಂಗಸರೆಲ್ಲ ಮೇಲಿನ ಕೋಣೆಯಲ್ಲಿ ಜಮಖಾನೆ ಹಾಸಿಕೊಂಡು ಅಡ್ಡಾದರು. ಅತ್ತೆಯೂ ಅಡ್ಡಾದಳು. ಸ್ವಲ್ಪ ಹೊತ್ತಿಗೆಲ್ಲ ಒಬ್ಬೊಬ್ಬರೇ ಎದ್ದು ಜಮಖಾನೆ ಸಮೇತ ವರಾಂಡಕ್ಕೆ ಹೋದರು. ಕೆಳಗೆ ಕುಳಿತಿದ್ದ ಬ್ಯಾಂಡಿನವರು ಮೇಲೆ ನೋಡಿ ತಮ್ಮ ಡೋಲನ್ನು ಪಕ್ಕಕ್ಕಿಟ್ಟರು. ಅತ್ತೆ ಎದ್ದಾಗ ಇಡೀ ಕೋಣೆಯಲ್ಲಿ ಅವಳೊಬ್ಬಳೇ. ಹೆಣ್ಣಿನ ಕಡೆಯ ಹಿರಿಯ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತು, "ಹೆಣ್ಮಕ್ಕಳು ಹಿಂಗ ಗೊರಕಿ ಹೊಡೀಬಾರದ್ರಿ, ಮಂದಿ ಏನಂತಾರ," ಎಂದಳು.

ಅತ್ತೆ ನಿಧಾನವಾಗಿ ತುರುಬು ಕಟ್ಟಿಕೊಂಡಳು. "ಗಂಡಸ್ರು ಹೊಡದ್ರ ಪಾಪ ದಣದಾರ ಅಂತೀರಿ. ನಾವು ಹೊಡದ್ರ ನಾಚಿಕಿಲ್ಲ ಅಂತೀರಿ. ನಾವೇನು ದಣ್ಯಾಂಗಿಲ್ಲೇನ್ರಿ?"

ಸಂಜೆ ನೋಡಿದರೆ ಆ ಹೆಂಗಸೇ ಬಂದು ಅತ್ತೆಯ ಪಕ್ಕದಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತ ಕುಳಿತಿದ್ದಳು. ಅತ್ತೆಯ ಜಗಳಗಳು ಹೆಚ್ಚಾಗಿ ಹೀಗೇ ಮುಗಿಯುತ್ತವೆ.

ಇಷ್ಟೇ ಆಗಿದ್ದರೆ ಇದು ನಗುವ ಕಥೆಯಾಗಿ ಉಳಿಯುತ್ತಿತ್ತು. ಆದರೆ ಅತ್ತೆ ಮಲಗಿದಾಗ ಮಾತ್ರ ನಿದ್ದೆ ಮಾಡುತ್ತಿರಲಿಲ್ಲ. ಕುಳಿತಾಗಲೂ ಮಾಡುತ್ತಿದ್ದಳು. ಮಾತಿನ ನಡುವೆಯೇ ಮಾಡುತ್ತಿದ್ದಳು. ಒಮ್ಮೆ ಬಾಳೆಗೊನೆಯ ವ್ಯಾಪಾರಿಯೊಬ್ಬ ಬಂದು ತನ್ನ ದರ ಹೇಳಿದ. ಅತ್ತೆ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದಳು. ಇದೇನು ಗತ್ತು ಎಂದು ಅವನು ದರ ಏರಿಸಿದ. ಅತ್ತೆ ಮಾತಾಡಲಿಲ್ಲ. ಇನ್ನೂ ಏರಿಸಿದ. ಆಗ ಒಂದು ಗೊರಕೆ ಬಂತು. ಅದನ್ನು ತಿರಸ್ಕಾರವೆಂದು ತಿಳಿದು ಮತ್ತೂ ಏರಿಸಿದ. ಅತ್ತೆ ಬೆಚ್ಚಿ ಕಣ್ಣು ಬಿಟ್ಟು "ಹಾಂ, ಏನಂದ್ರಿ?" ಎಂದಾಗ ಅವನು ಕೈಮುಗಿದು, "ಇದರಾಚಿಗಿ ನನ್ನ ಕೈಲಿ ಆಗಾಂಗಿಲ್ಲ ಅಮ್ಮಾರ," ಎಂದನಂತೆ. ಅವನು ಇವತ್ತಿಗೂ ಅತ್ತೆಯನ್ನು ಜಿಲ್ಲೆಯಲ್ಲೇ ಗಟ್ಟಿ ವ್ಯಾಪಾರಸ್ಥೆ ಎಂದು ಹೊಗಳುತ್ತಾನೆ.

ಮಾವನ ಹಳೆಯ ಮೊಪೆಡ್ಡಿನ ಹಿಂದೆ ಕುಳಿತಾಗಲೂ ಅವಳಿಗೆ ತೂಕಡಿಕೆ. ಅದಕ್ಕೆ ಮಾವ ತನ್ನ ಟವೆಲ್ಲಿನಿಂದ ಅವಳನ್ನು ತನ್ನ ಬೆನ್ನಿಗೆ ಕಟ್ಟಿಕೊಂಡು ಗಾಡಿ ಓಡಿಸುತ್ತಿದ್ದ. ಮಾವ ಸಣಕಲು, ಅತ್ತೆ ತುಂಬಿದ ಕಣಜ. ನೋಡುವವರಿಗೆ ಯಾರು ಯಾರನ್ನು ಕಟ್ಟಿಕೊಂಡು ಹೊರಟಿದ್ದಾರೆ ಎಂಬುದೇ ತಿಳಿಯುತ್ತಿರಲಿಲ್ಲ.

ಆಮೇಲೆ ಒಂದು ದಿನ ರೊಟ್ಟಿ ಬೇಯಿಸುತ್ತ ತೂಕಡಿಸಿ ಅತ್ತೆಯ ಬಲ ಅಂಗೈ ಕಾದ ಹಂಚಿನ ಮೇಲೆ ಬಿತ್ತು. ನಾನು ಹೋಗಿ ನೋಡಿದಾಗ ಕೈಗೆ ದಪ್ಪ ಪಟ್ಟಿ. "ರೊಟ್ಟಿ ಜೋಡಿ ನಾನೂ ಜರಾ ಬೆಂದೀನಿ," ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಬೆಳಿಗ್ಗೆ ಎದ್ದರೆ ತಲೆನೋವು, ಹಗಲೆಲ್ಲ ಮಂಪರು. ಒಬ್ಬರು ರಕ್ತ ಕಡಿಮೆ ಎಂದು ಟಾನಿಕ್ ಕೊಟ್ಟಿದ್ದರು. ಇನ್ನೊಬ್ಬರು ದೃಷ್ಟಿ ತೆಗೆದಿದ್ದರು. ನೆಂಟರಲ್ಲಿ ಯಾರೋ ವಯಸ್ಸಾಯಿತು ಎಂದರು, ಯಾರೋ ಆಲಸಿ ಎಂದರು. ಉಳಿದದ್ದಕ್ಕೆಲ್ಲ ನಗುತ್ತಿದ್ದ ಅತ್ತೆ ಆ ಕೊನೆಯ ಮಾತಿಗೆ ಮಾತ್ರ ಮುಖ ತಿರುಗಿಸುತ್ತಿದ್ದಳು. ಸೂರ್ಯ ಹುಟ್ಟುವ ಮೊದಲೇ ತೋಟಕ್ಕೆ ನೀರು ಬಿಡುವ ಹೆಂಗಸು ಅವಳು.

ಅದಾದ ಕೆಲವೇ ದಿನಕ್ಕೆ ಮಾವ ಒಬ್ಬನೇ ನಮ್ಮ ಮನೆಗೆ ಬಂದ. ಹಣ್ಣಿನ ಚೀಲ ಇಟ್ಟ, ಚಹಾ ಕುಡಿದ, ಕಪ್ಪು ಕೆಳಗಿಟ್ಟ ಮೇಲೂ ಏಳಲಿಲ್ಲ.

"ತಂಗಿ, ಒಂದು ಮಾತು ಹೇಳೂದಿತ್ತು." ಅತ್ತೆ ಮಾವ ಇಬ್ಬರೂ ನನ್ನನ್ನು ಪ್ರೀತಿಯಿಂದ ಕರೆಯುವುದು ಹಾಗೆ.

"ಹೇಳ್ರಿ ಮಾವ."

"ನಿಮ್ಮತ್ತಿ ಮಲಗಿದಾಗ ಉಸಿರು ನಿಂದರತದ." ಖಾಲಿ ಕಪ್ಪನ್ನು ಆಚೆ ಸರಿಸಿದ. "ಗೊರಕಿಗಿ ನಾ ಅಂಜಾಂಗಿಲ್ಲ. ಅದು ನಿಂತಾಗ ಅಂಜಿಕಿ ಬರ್ತದ. ಸಪ್ಪಳಿಲ್ಲ, ಎದಿ ಏಳಾಂಗಿಲ್ಲ. ಆಮ್ಯಾಲ ಬಾವ್ಯಾಗಿಂದ ಎದ್ದು ಬಂದವರಂಗ ಒಮ್ಮಿಗೇ ಉಸಿರು ಎಳಕೋತಾಳ."

ಮಾವ ಒಟ್ಟಿಗೆ ಇಷ್ಟು ವಾಕ್ಯ ಆಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಅತ್ತೆಯ ಜೊತೆ ಸಂಸಾರ ಮಾಡಿದ ಯಾರಿಗೂ ಅಂಥ ಅವಕಾಶ ಸಿಗುವುದಿಲ್ಲ.

ಆದರೆ ಅತ್ತೆಯನ್ನು ದವಾಖಾನೆಗೆ ಒಯ್ಯುವುದು ಹೇಗೆ? "ನಿದ್ದಿ ಛಲೋ ಬರ್ತದ ಅಂತ ಯಾರರೆ ಡಾಕ್ಟರ್ ಹತ್ತಿರ ಹೋಗ್ತಾರೇನು? ನಿದ್ದಿ ಬರದವ್ರು ಹೋಗ್ತಾರ," ಎಂದು ಅವಳ ವಾದ. ವಾದದಲ್ಲಿ ತಪ್ಪಿರಲಿಲ್ಲ, ಅದೇ ಕಷ್ಟ. ಮುಂದಿನ ಭಾನುವಾರ ನಾನು ಕಮಲಾಪುರಕ್ಕೆ ಹೋದೆ. ಮಧ್ಯಾಹ್ನ ಊಟವಾಗಿ ಅತ್ತೆ ಪಡಸಾಲೆಯಲ್ಲಿ ಮಲಗಿದ ಮೇಲೆ ಮೊಬೈಲನ್ನು ತಲೆದಿಂಬಿನ ಹತ್ತಿರ ಇಟ್ಟು ಸದ್ದನ್ನು ರೆಕಾರ್ಡ್ ಮಾಡಿಕೊಂಡೆ. ಅವಳು ಎದ್ದು ಮುಖ ತೊಳೆದು ಬಂದಾಗ ಅದನ್ನು ಕೇಳಿಸಿದೆ.

ಅತ್ತೆ ಗವಾಯಿಯ ಮುಂದೆ ಕುಳಿತವಳ ಹಾಗೆ ತಲೆದೂಗುತ್ತ ಕೇಳಿದಳು. "ಏನು ಏರ್ತದ ನೋಡು," ಎಂದಳು. "ಈಗ ಇಳೀತು. ಮತ್ತ ಏರಾಕತ್ತದ. ಇದನ್ನ ನಿಮ್ಮಪ್ಪಗ ಕೇಳಸು."

ಆಗ ಸದ್ದು ನಿಂತಿತು. ಅತ್ತೆ ಕಾದಳು. ಮೊಬೈಲಿನಿಂದ ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಅವಳು ಮುಂದಕ್ಕೆ ಬಾಗಿದಳು. ಇನ್ನೂ ಕಾದಳು.

"ಯಾಕ ನಿಂತದ?" ಎಂದಳು. "ನಿನ್ನ ಮೊಬೈಲ್ ಕೆಟ್ಟದೇನು?"

ಬಾಗಿಲ ಹತ್ತಿರ ಕುಳಿತಿದ್ದ ಮಾವ ನೆಲ ನೋಡುತ್ತ ಹೇಳಿದ: "ಮೊಬೈಲ್ ಛಲೋ ಅದ."

ಅಷ್ಟರಲ್ಲಿ ಮೊಬೈಲಿನೊಳಗಿಂದ ಆ ಉಸಿರು ಬಂತು, ಮಾವ ಹೇಳಿದ ಬಾವಿಯಿಂದ ಎದ್ದು ಬಂದ ಉಸಿರು. ಅತ್ತೆ ತನ್ನ ಎದೆಯ ಮೇಲೆ ಕೈ ಇಟ್ಟುಕೊಂಡಳು. ಆ ಕೈ ತೆಗೆಯದೆಯೇ, "ಯಾವ ದವಾಖಾನಿ?" ಎಂದು ಕೇಳಿದಳು.

ಕಲಬುರಗಿಯಲ್ಲಿ ಎದೆ, ಶ್ವಾಸಕೋಶ ನೋಡುವ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ನಗುಮುಖದವರು. ಅವರು ಮೊದಲು ಟೇಪು ತೆಗೆದು ಅತ್ತೆಯ ಕುತ್ತಿಗೆಯ ಸುತ್ತಳತೆ ನೋಡಿದರು. ಅತ್ತೆ ಅಳತೆಗೆ ಕತ್ತು ಕೊಟ್ಟುಕೊಂಡೇ, "ಬ್ಲೌಸ್ ಹೊಲೀತೀರೇನ್ರಿ? ತೋಳು ಜರಾ ಸಡ್ಲ ಇರ್ಲಿ," ಎಂದಳು. ಡಾಕ್ಟರು ನಗು ತಡೆಯಲಾಗದೆ ಟೇಪು ಬೀಳಿಸಿದರು. ಒಂದು ರಾತ್ರಿ ಅಲ್ಲೇ ಮಲಗಿಸಿ, ತಲೆಗೆ, ಎದೆಗೆ, ಬೆರಳಿಗೆ ವೈರುಗಳನ್ನು ಅಂಟಿಸಿ ನಿದ್ದೆಯ ಪರೀಕ್ಷೆ ಮಾಡಿದರು. ಮರುದಿನ ಬೆಳಿಗ್ಗೆ ನಾನು ಹೋದಾಗ, ಪಕ್ಕದ ಕೋಣೆಯ ರೋಗಿ ತನಗೆ ಪೂರ್ತಿ ಆರಾಮವಾಗಿದೆ, ಮನೆಗೆ ಕಳಿಸಿ ಎಂದು ಹಟ ಹಿಡಿದಿದ್ದ.

ಡಾಕ್ಟರು ಬಿಡಿಸಿ ಹೇಳಿದರು. ನಿದ್ದೆಯಲ್ಲಿ ಗಂಟಲು ಸಡಿಲಾಗಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಉಸಿರು ಸಿಗದಾಗ ಮೆದುಳು ಗಾಬರಿಯಾಗಿ ಎಬ್ಬಿಸುತ್ತದೆ. ದಾರಿ ತೆರೆಯುತ್ತದೆ, ಮತ್ತೆ ನಿದ್ದೆ, ಮತ್ತೆ ಮುಚ್ಚುವುದು. ರಾತ್ರಿಯಿಡೀ ಇದೇ. ಬಿಟ್ಟರೆ ರಕ್ತದೊತ್ತಡ ಏರುತ್ತದೆ, ಹೃದಯಕ್ಕೂ ಪೆಟ್ಟು. ಹೆಂಗಸರಲ್ಲಿ ಇದನ್ನು ದಣಿವು ಎಂದು ಎಷ್ಟೋ ಕಡೆ ಬಿಟ್ಟೇಬಿಡುತ್ತಾರೆ ಎಂದೂ ಹೇಳಿದರು.

"ಅಂದ್ರ ಇಷ್ಟು ವರ್ಷ ನಾ ಮಲಗೇ ಇಲ್ಲೇನ್ರಿ?" ಅತ್ತೆ ಕೇಳಿದಳು.

"ಹಂಗೇ ಅಂತ ತಿಳ್ಕೋರಿ. ಮೈ ಮಲಗ್ಯದ, ನಿದ್ದಿ ಆಗಿಲ್ಲ."

ಗಾಬರಿಯಾಗುತ್ತಾಳೆ ಎಂದು ನಾನು ಅವಳ ಕೈ ಹಿಡಿಯಲು ಹೋದೆ. ಅವಳು ನನ್ನ ಕಡೆ ತಿರುಗಿದಳು. ಮುಖ ಬೆಳಗುತ್ತಿತ್ತು. "ಕೇಳಿದ್ಯಾ ತಂಗಿ? ಆಲಸಿ ಅಂದವರಿಗೆಲ್ಲಾ ಹೋಗಿ ಹೇಳು. ನಿದ್ದಿ ಇಲ್ಲದೆ ಇಷ್ಟು ತ್ವಾಟ ಮಾಡೀನಿ."

ಆಮೇಲೆ ಡಾಕ್ಟರ ಹತ್ತಿರ ಚೌಕಾಸಿಗೆ ಇಳಿದಳು. "ಉಸಿರು ನಿಂದರೂದು ಕಳೀರಿ. ಗೊರಕಿ ಇರ್ಲಿ."

"ಎರಡೂ ಜೋಡೀನೇ ಹೋಗ್ತಾವರಿ."

"ಜರಾ ಸಣ್ಣದರೆ ಬಿಡ್ರಿ."

ಡಾಕ್ಟರು ಜಗ್ಗಲಿಲ್ಲ. ಹಾಗೆ ಮನೆಗೆ ಬಂತು ಗಾಳಿಯ ಮಶಿನ್ನು. ಸಣ್ಣ ಪೆಟ್ಟಿಗೆ, ಅದಕ್ಕೊಂದು ಕೊಳವೆ, ಕೊಳವೆಯ ತುದಿಗೆ ಮೂಗಿಗೆ ಕಟ್ಟಿಕೊಳ್ಳುವ ಮಾಸ್ಕು. ಮಲಗಿದಾಗ ಅದು ಒಂದೇ ಸಮನೆ ಗಾಳಿ ಒತ್ತಿ ಗಂಟಲಿನ ದಾರಿ ಮುಚ್ಚದಂತೆ ಹಿಡಿದಿಡುತ್ತದೆ. ಹೇಳುವುದು ಸುಲಭ. ಮೊದಲ ಕೆಲವು ದಿನ ಅತ್ತೆ ಅದನ್ನು ಕಿತ್ತೆಸೆದಳು. "ಮೂಗಿನ್ಯಾಗ ಬಿರುಗಾಳಿ ಬಿಟ್ಟಂಗ ಆಗ್ತದ," ಎಂದು ಫೋನಿನಲ್ಲಿ ಬೈದಳು. ಯಾರನ್ನು ಎಂದು ಕೇಳಬೇಡಿ, ಫೋನು ಎತ್ತಿದವಳು ನಾನು. ಡಾಕ್ಟರು ಬೇರೆ ಅಳತೆಯ ಮಾಸ್ಕು ಕೊಟ್ಟು, ಹಗಲು ಎಚ್ಚರ ಇರುವಾಗ ಸ್ವಲ್ಪ ಸ್ವಲ್ಪ ಹಾಕಿಕೊಂಡು ರೂಢಿ ಮಾಡಿಕೊಳ್ಳಲು ಹೇಳಿದರು. ಅತ್ತೆ ಟಿವಿ ಧಾರಾವಾಹಿಯ ಹೊತ್ತಿಗೆ ಮಾಸ್ಕು ಕಟ್ಟಿಕೊಂಡು ಕುಳಿತುಕೊಳ್ಳತೊಡಗಿದಳು. ಓಣಿಯ ಹೆಂಗಸರು ಧಾರಾವಾಹಿ ಬಿಟ್ಟು ಅತ್ತೆಯನ್ನು ನೋಡಲು ಬಂದರು. "ಗಣಪತಿ ಹಂಗ ಕಾಣಸ್ತೀರಿ," ಎಂದು ಒಬ್ಬಳು ಅಂದದ್ದಕ್ಕೆ, "ಹಂಗಾದ್ರ ಕಡಬು ತಂದು ಮುಂದಿಡು," ಎಂದು ಅತ್ತೆ ಮಾಸ್ಕಿನೊಳಗಿಂದಲೇ ಗದರಿದಳಂತೆ. ಕರೆಂಟು ಹೋಗುವ ಊರು, ಆದ್ದರಿಂದ ಮಾವ ಇನ್ವರ್ಟರ್ ಕೂಡಿಸಿದ.

ಒಂದು ಬೆಳಿಗ್ಗೆ ನಾನು ಇನ್ನೂ ಹಲ್ಲುಜ್ಜುತ್ತಿದ್ದಾಗ ಫೋನು ಬಂತು.

"ತಂಗಿ, ನಿದ್ದಿ ಅಂದ್ರ ಇದೇನು?"

"ಯಾಕ ಅತ್ತಿ, ಏನಾತು?"

"ತಲಿ ಮ್ಯಾಲಿನ ಕಲ್ಲು ಇಳಿಸಿದಂಗ ಆಗ್ಯದ. ಕಣ್ಣು ಭಾಳ ಚುರುಕು ಆಗ್ಯಾವ. ನಿಮ್ಮ ಮಾವನ ಮೂಗು ಇಷ್ಟು ಡೊಂಕು ಅದ ಅಂತ ಇವತ್ತೇ ನೋಡೀನಿ."

ಹಿಂದಿನಿಂದ ಮಾವ ಏನೋ ಅಂದದ್ದು ಕೇಳಿಸಿತು. ಏನೆಂದು ತಿಳಿಯಲಿಲ್ಲ. ಅತ್ತೆ ಮಾತಾಡುತ್ತಿದ್ದಳಲ್ಲ.

ಗೊರಕೆಯ ಅಭಿಮಾನ ಹೀಗೆ ಮಶಿನ್ನಿಗೆ ವರ್ಗವಾಯಿತು. ನೆಂಟರ ಮನೆಗೆ ಹೋದರೂ ಅದು ಚೀಲದಲ್ಲಿ ಜೊತೆಗೆ. ಮೊಪೆಡ್ಡಿನ ಹಿಂದೆ ಈಗ ಟವೆಲ್ಲಿಲ್ಲದೆ ನೆಟ್ಟಗೆ ಕೂರುತ್ತಾಳೆ. ಮಾವನಿಗೆ ದಾರಿ ಹೇಳುವ ಕೆಲಸವೂ ಶುರುವಾಗಿದೆ, ಪಾಪ.

ಆಗಲೇ ಕಲಬುರಗಿ ಹತ್ತಿರದ ಕೋಟನೂರಿನ ಸುದ್ದಿ ಬಂದದ್ದು. ಮಾವನ ತಂಗಿಯ ಮಗಳನ್ನು ಅಲ್ಲಿಗೆ ಕೊಟ್ಟಿದ್ದರು. ಹೊಸ ಮದುವೆ. ಹುಡುಗಿ ವಿಪರೀತ ಗೊರಕೆ ಹೊಡೆಯುತ್ತಾಳೆ, ಹಗಲು ಕುಳಿತಲ್ಲೇ ತೂಕಡಿಸುತ್ತಾಳೆ, ಇದನ್ನು ಮುಚ್ಚಿಟ್ಟು ಲಗ್ನ ಮಾಡಿದ್ದೀರಿ, ಕರೆದುಕೊಂಡು ಹೋಗಿ ಎಂದು ಹುಡುಗನ ತಾಯಿ ಹೇಳಿ ಕಳಿಸಿದ್ದಳು. ಹುಡುಗಿ ನಾಚಿಕೆಗೆ ರಾತ್ರಿ ಮಲಗುವುದನ್ನೇ ಬಿಟ್ಟು ಗೋಡೆಗೆ ಒರಗಿ ಕೂರುತ್ತಿದ್ದಳಂತೆ. ಅವಳ ತಾಯಿ ಅಳುತ್ತ ಅಣ್ಣನಿಗೆ ಫೋನು ಮಾಡಿದಳು. ಮಾವ ಫೋನು ಕೆಳಗಿಡುವಷ್ಟರಲ್ಲಿ ಅತ್ತೆ ಚೀಲಕ್ಕೆ ಮಶಿನ್ನು ತುಂಬಿಯಾಗಿತ್ತು.

ನಾನು ಖೂಬಾ ಪ್ಲಾಟಿನಿಂದ ಸ್ಕೂಟಿಯ ಮೇಲೆ ಹೋಗಿ ಅವರನ್ನು ಕೋಟನೂರಿನಲ್ಲಿ ಕೂಡಿಕೊಂಡೆ. ಹುಡುಗಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಕಣ್ಣ ಕೆಳಗೆ ಕಪ್ಪು. ಅವಳ ಬಟ್ಟೆಯ ಗಂಟು ಆಗಲೇ ಪಡಸಾಲೆಯ ಮೂಲೆಯಲ್ಲಿತ್ತು. ಜಗಳಕ್ಕೆ ನಾನು ಸಿದ್ಧಳಾಗಿದ್ದೆ. ಅತ್ತೆ ಜಗಳ ಆಡಲಿಲ್ಲ. ತಂದ ಕೆಂಪು ಹಣ್ಣು ಕೊಟ್ಟಳು, ತೋಟದ ಮಾತಾಡಿದಳು, ಅವರು ಬಡಿಸಿದ ಊಟ ಮಾಡಿದಳು, ಬೀಗತಿಗೆ ಇನ್ನೊಂದು ಹೋಳಿಗೆ ಒತ್ತಾಯ ಮಾಡಿ ತಿನ್ನಿಸಿದಳು. ಅದು ಬೀಗತಿಯದೇ ಮನೆ, ಬೀಗತಿಯದೇ ಹೋಳಿಗೆ.

ಊಟವಾದ ಮೇಲೆ ಬೀಗತಿ ಗೋಡೆಗೆ ಒರಗಿ, "ನಾವು ಮರ್ಯಾದಿ ಮಂದಿ ಅದೀವರಿ," ಎಂದು ಶುರು ಮಾಡಿದಳು. ಅತ್ತೆ ಹೂಂಗುಟ್ಟಿದಳು. "ಮನ್ಯಾಗ ಹಿಂಗ ಸಪ್ಪಳ ಅಂದ್ರ..." ಎಂದಳು ಬೀಗತಿ. ಅತ್ತೆ ಇನ್ನೂ ಮೆಲ್ಲಗೆ ಹೂಂಗುಟ್ಟಿದಳು. ಬೀಗತಿಯ ಮಾತು ನಿಧಾನವಾಯಿತು, ಗದ್ದ ಎದೆಗೆ ತಾಗಿತು, ಆಮೇಲೆ ಗಂಟಲಿನಿಂದ ಗೊರಕೆ ಹೊರಟಿತು ನೋಡಿ. ಅತ್ತೆಯ ಮಟ್ಟದ್ದಲ್ಲ, ಆದರೆ ಒಳ್ಳೆಯ ಜಾತಿಯದು. ಅತ್ತೆ ಬಾಯಿಯ ಮೇಲೆ ಬೆರಳಿಟ್ಟು ಸನ್ನೆ ಮಾಡಿ ಮನೆಯವರನ್ನೆಲ್ಲ ಕರೆದಳು. ಮಾವ, ಬೀಗ, ಹುಡುಗ, ಹುಡುಗಿ, ನಾನು, ಎಲ್ಲರೂ ಸುತ್ತ ಕುಳಿತು ಕೇಳಿದೆವು. ತನ್ನ ಸದ್ದಿಗೆ ತಾನೇ ಬೆಚ್ಚಿ ಬೀಗತಿ ಕಣ್ಣು ಬಿಟ್ಟಾಗ ಅತ್ತೆ ಅತ್ಯಂತ ವಿನಯದಿಂದ ಕೇಳಿದಳು:

"ಬೀಗತ್ಯಾರ, ನಿಮ್ಮ ತವರಮನಿ ಎಲ್ಲ್ಯದರಿ?"

"ಆಳಂದದಾಗ. ಯಾಕ್ರಿ?"

"ಗಂಟು ಕಟ್ಟರಿ. ನಾವೇ ಬಿಟ್ಟು ಬರ್ತೀವಿ."

ಮೊದಲು ನಕ್ಕವನು ಬೀಗ. "ಸೊಸಿ ಬರೂಕಿಂತ ಮೊದಲಿಂದು ಈ ಸಪ್ಪಳ," ಎಂದ. ಬೀಗತಿಯ ಮುಖ ಕೆಂಪಾಯಿತು. ಅತ್ತೆ ಅವಳ ಪಕ್ಕಕ್ಕೆ ಸರಿದು ಕುಳಿತಳು, ಚೀಲದಿಂದ ಮಾಸ್ಕು ತೆಗೆದಳು.

"ನಕ್ಕರ ನಗಲಿ. ನನಗೂ ಅದ. ಇದು ನಾಚಿಕಿ ಅಲ್ರಿ, ರೋಗ. ನಿಮಗೂ ತಲಿ ನೋಯ್ತದಿಲ್ಲ ಮುಂಜಾನಿ? ಎದಿ ಹಿಡದಂಗ ಆಗಿ ಎಚ್ಚರ ಆಗ್ತದಿಲ್ಲ?"

ಬೀಗತಿಯ ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷ ಅವಳನ್ನು ಆ ಪ್ರಶ್ನೆ ಯಾರೂ ಕೇಳಿರಲಿಲ್ಲ ಅನ್ನಿಸುತ್ತದೆ. ಅತ್ತೆ ಮಾಸ್ಕನ್ನು ತಾನೇ ಕಟ್ಟಿಕೊಂಡು ತೋರಿಸಿದಳು. ಹುಡುಗಿ ಅಡುಗೆಮನೆಯ ಬಾಗಿಲು ಬಿಟ್ಟು ಬಂದು ಹತ್ತಿರ ನೋಡಿದಳು.

ಅದೇ ವಾರ ಬೀಗತಿ, ಅವಳ ಸೊಸೆ ಇಬ್ಬರೂ ಒಂದೇ ಆಟೋದಲ್ಲಿ ದವಾಖಾನೆಗೆ ಹೋದರು. ಹುಡುಗಿಗೆ ಗಂಟಲಿನ ಟಾನ್ಸಿಲ್ ಗಡ್ಡೆ ದಪ್ಪಗಾಗಿ ದಾರಿ ಕಟ್ಟಿತ್ತು. ಅದನ್ನು ತೆಗೆದ ಮೇಲೆ ಆರಾಮಾದಳು. ಬೀಗತಿಗೆ ಮಶಿನ್ನು ಬಂತು. ಈಗ ಅವಳೂ ಅತ್ತೆಯೂ ಫೋನಿನಲ್ಲಿ ಮಾಸ್ಕಿನ ಪಟ್ಟಿಯನ್ನು ಎಷ್ಟು ಬಿಗಿ ಕಟ್ಟಬೇಕು ಎಂಬುದರ ಮೇಲೆ ಗಂಟೆಗಟ್ಟಲೆ ವಾದ ಮಾಡುತ್ತಾರೆ. ಕಮಲಾಪುರದ ಹೆಂಗಸರೂ ಒಬ್ಬೊಬ್ಬರಾಗಿ ಸೆರಗು ಬಾಯಿಗೆ ಹಿಡಿದು ಬಂದು, "ನಮ್ಮ ಅಕ್ಕಗ ಹಿಂಗ ಆಗ್ತದಂತ," ಎಂದು ಶುರು ಮಾಡುತ್ತಾರೆ. "ಅಕ್ಕಗೋ, ನಿನಗೋ?" ಎಂದು ಅತ್ತೆ ಕೇಳುತ್ತಾಳೆ. ಇಂಥ ಅತ್ತೆ ನನಗಿದ್ದಾಳೆ ಎಂದು ನಾನು ಬೀಗಿದರೆ ತಪ್ಪೇ?

ಮೊನ್ನೆ ಒಂದು ಮಧ್ಯಾಹ್ನ ಹೇಳದೆ ಕಮಲಾಪುರಕ್ಕೆ ಹೋದೆ. ಬಾಗಿಲಲ್ಲೇ ಅತ್ತೆ ಕೈಸನ್ನೆ ಮಾಡಿ ನನ್ನನ್ನು ತಡೆದಳು. ಒಳಗೆ ಮಂಚದ ಮೇಲೆ ಮಾವ ಮಲಗಿದ್ದ. ಬಾಯಿ ಅರೆ ತೆರೆದಿತ್ತು, ಒಂದು ಕೈ ಮಂಚದಿಂದ ಕೆಳಗೆ ಇಳಿಬಿದ್ದಿತ್ತು. ಮಾವ ಹಗಲು ಮಲಗಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ.

"ತಬಿಯತ್ ಛಲೋ ಇಲ್ಲೇನು?" ಎಂದೆ.

"ಛಲೋ ಅದ. ನಿದ್ದಿ ಮಾಡಾಕತ್ತಾರ. ಎಬ್ಬಸಬ್ಯಾಡ." ನನ್ನನ್ನು ಕೈಹಿಡಿದು ಮಂಚದ ಈಚೆ ಕೂಡಿಸಿದಳು. "ನನ್ನ ಉಸಿರು ನಿಂತಾಗೆಲ್ಲಾ ಭುಜ ಹಿಡದು ಅಳ್ಳಾಡಸ್ತಿದ್ರಂತ. ನಾ ಉಸಿರು ಎಳಕೊಂಡು ಮತ್ತ ಮಲಗತಿದ್ದೆ. ಅವ್ರು ಮಲಗತಿರಲಿಲ್ಲ, ಮುಂದಿಂದು ಯಾವಾಗ ನಿಂದರತದೋ ಅಂತ ಕಾಯ್ಕೋತ ಕೂಡ್ತಿದ್ರಂತ. ಮೊನ್ನಿ ಕೇಳಿದ ಮ್ಯಾಲ ಹೇಳ್ಯಾರ. ಇಷ್ಟು ವರ್ಷದಾಗ ನನಗ ಒಂದಿನಾನೂ ಹೇಳಿಲ್ಲ ನೋಡು ತಂಗಿ."

ಮಂಚದ ಕಡೆ ನೋಡಿ, "ನಾ ಮಾತಾಡಾಕ ಬಿಟ್ಟಿದ್ರ ಹೇಳ್ತಿದ್ರೇನೋ," ಎಂದಳು.

ಆಮೇಲೆ ಬಾಗಿ, ಅಂಗೈಯಲ್ಲಿ ಸುಟ್ಟ ಕಲೆ ಇನ್ನೂ ಉಳಿದಿರುವ ಆ ಬಲಗೈಯ ಹಿಂಬದಿಯನ್ನು ಮಾವನ ಮೂಗಿನ ಕೆಳಗೆ ಹಿಡಿದಳು. ತುಸು ಹೊತ್ತು ಹಾಗೇ ಹಿಡಿದಿದ್ದಳು. "ಬರೋಬರ್ ನಡದದ," ಎಂದಳು. ಕೆಳಗೆ ಬಿದ್ದಿದ್ದ ಅವನ ಕೈಯನ್ನು ಎತ್ತಿ ಮಂಚದ ಮೇಲಿಟ್ಟಳು.

ಮಾವ ಏಳುವವರೆಗೂ ನಾವಿಬ್ಬರೂ ಅಲ್ಲೇ ಕುಳಿತಿದ್ದೆವು. ಅಷ್ಟು ಹೊತ್ತೂ ನಮ್ಮತ್ತೆ ಪಿಸುದನಿಯಲ್ಲೇ ಮಾತಾಡಿದಳು.